ಅಣಬೆ ಬೇಸಾಯ: ಬೆಳೆಯುವ ಲೆಕ್ಕ ಬೇರೆ, ಮಾರುವ ಲೆಕ್ಕ ಬೇರೆ



ಸಣ್ಣ ಹಿಡುವಳಿಯವರಿಗೂ ಭೂಮಿ ಇಲ್ಲದ ಕೂಲಿಕಾರರಿಗೂ ಅಣಬೆ ಬೇಸಾಯ ಒಳ್ಳೆಯ ಉಪಕಸುಬು ಎಂಬ ಮಾತನ್ನು ನೀವು ಬಹಳ ದಿನಗಳಿಂದ ಕೇಳುತ್ತ ಬಂದಿದ್ದೀರಿ. ತರಬೇತಿ ಶಿಬಿರಗಳಲ್ಲಿ ಕೇಳಿದ್ದೀರಿ, ಕೃಷಿ ಮೇಳಗಳಲ್ಲಿ ಕೇಳಿದ್ದೀರಿ, ಈಗಂತೂ ಕೈಯಲ್ಲಿರುವ ಮೊಬೈಲ್ ಫೋನೇ ದಿನಕ್ಕೆ ನಾಲ್ಕು ಸಲ ಹೇಳುತ್ತದೆ. ಒಂದು ಕೋಣೆ, ಒಂದಿಷ್ಟು ಹುಲ್ಲು, ಎರಡು ಹಿಡಿ ಬೀಜ ಇದ್ದರೆ ಸಾಕು, 25 ದಿನಕ್ಕೆ ಕೈಗೆ ರೊಕ್ಕ ಎನ್ನುತ್ತಾರೆ. ಈ ಮಾತು ಪೂರ್ತಿ ಸುಳ್ಳಲ್ಲ. ಹಾಗೆಂದು ಪೂರ್ತಿ ನಂಬಿ ಸಾಲ ಎತ್ತುವಷ್ಟು ನಿಜವೂ ಅಲ್ಲ.

ದೇವದುರ್ಗ, ಮಾನ್ವಿ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳಲ್ಲಿ ಮತ್ತು ಎರಡು-ಮೂರು ಎಕರೆ ಹೊಲದವರಲ್ಲಿ ಈಗ ಈ ಬೇಸಾಯದ ವಿಚಾರ ನಡೆದಿದೆ. ನೀರು ಬಂದರೆ ನೆಲ್ಲು, ಬಾರದಿದ್ದರೆ ಗುಳೆ ಎನ್ನುವ ಜನರಿಗೆ ಹೊಸ ಕಸುಬಿನ ಆಸೆ ಸಹಜ. ಆದ್ದರಿಂದ ಈ ವಾರ ಅಣಬೆ ಬೆಳೆಯುವ ವಿಧಾನಕ್ಕಿಂತ ಅದರ ಹಣಕಾಸಿನ ಲೆಕ್ಕವನ್ನೇ ಮುಂದಿಟ್ಟು ಮಾತಾಡೋಣ. ನಮ್ಮ ಭಾಗದಲ್ಲಿ ಅಣಬೆಯ ಲಾಭ-ನಷ್ಟ ತೀರ್ಮಾನವಾಗುವುದು ಜೋಪಡಿಯ ಒಳಗಲ್ಲ. ಕಿತ್ತ ಮರುದಿನ ಅದು ಯಾರ ಮನೆಯ ಅಡಿಗೆಗೆ ಹೋಯಿತು ಎಂಬುದರ ಮೇಲೆ.

ನಮ್ಮ ಅನುಕೂಲಗಳು

ಮೊದಲು ನಮ್ಮಲ್ಲಿ ಏನಿದೆ ಎಂದು ನೋಡೋಣ. ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ಇವೆ. ನೀರು ಬಂದ ವರ್ಷ ನೆಲ್ಲಿನ ಹುಲ್ಲಿಗೆ ಕೊರತೆಯಿಲ್ಲ. ಕಟಾವು ಯಂತ್ರ ಬಂದ ಮೇಲೆ ಎಷ್ಟೋ ಹುಲ್ಲು ಗದ್ದೆಯಲ್ಲೇ ಉಳಿದು ಬೆಂಕಿಗೆ ಹೋಗುತ್ತಿದೆ. ಹತ್ತಿ ಕಟ್ಟಿಗೆಯ ಕಥೆಯೂ ಇದೇ. ಸುಟ್ಟರೆ ಬರೀ ಬೂದಿ. ಅದೇ ಹುಲ್ಲಿನ ಮೇಲೆ ಚಿಪ್ಪು ಅಣಬೆ ಬೆಳೆದರೆ ಒಂದು ಕಿಲೋ ಒಣ ಹುಲ್ಲಿಗೆ 500ರಿಂದ 800 ಗ್ರಾಂ ಹಸಿ ಅಣಬೆ ಬರುತ್ತದೆ. ಬೆಳೆದು ಉಳಿದ ಹುಲ್ಲು ತಿಪ್ಪೆಗೆ ಹೋದರೆ ಒಳ್ಳೆಯ ಗೊಬ್ಬರ, ಎರೆಹುಳುವಿಗೆ ಒಳ್ಳೆಯ ಆಹಾರ. ಹತ್ತಿ ಕಟ್ಟಿಗೆಯನ್ನು ಚೂರು ಮಾಡಿ ಅದರ ಮೇಲೂ ಚಿಪ್ಪು ಅಣಬೆ ಬೆಳೆಯಬಹುದೆಂದು ಮುಂಬೈಯ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ತೋರಿಸಿದೆ. ಚೂರು ಮಾಡುವ ಯಂತ್ರ ಬೇಕಾದ್ದರಿಂದ ಅದು ಒಂಟಿ ಮನೆಯ ಕೆಲಸವಲ್ಲ, ಸಂಘದ ಕೆಲಸ.

ಎರಡನೆಯದು, ಇದಕ್ಕೆ ಹೊಲ ಬೇಡ. ಬೇವಿನ ಮರದ ನೆರಳಿನಲ್ಲಿ 10 ಅಡಿ ಅಗಲ, 20 ಅಡಿ ಉದ್ದದ ಜೋಪಡಿ ಇದ್ದರೆ ಸಾಕು. ಕೂಲಿಕಾರ ಮಹಿಳೆಯೂ ರೈತಳೆನಿಸಿಕೊಳ್ಳುವ ಕೆಲವೇ ಕಸುಬುಗಳಲ್ಲಿ ಇದೊಂದು.

ಮೂರನೆಯದು ನಮ್ಮ ಬಿಸಿಲು. ಬಿಸಿಲು ಅಣಬೆಯ ವೈರಿ, ಆದರೆ ಮಾರಾಟವಾಗದೆ ಉಳಿದ ಅಣಬೆಯ ಮಿತ್ರ. ಮೆಣಸಿನಕಾಯಿ ಒಣಗಿಸಿ ಗೊತ್ತಿದ್ದ ಕೈಗೆ ಅಣಬೆ ಒಣಗಿಸುವುದು ಹೊಸ ವಿದ್ಯೆಯಲ್ಲ.

ಹುಲ್ಲಿನ ಬಗ್ಗೆ ಒಂದು ಎಚ್ಚರಿಕೆ. ಹುಲ್ಲು ಪುಕ್ಕಟೆ ಎಂದು ಎಂದೂ ಲೆಕ್ಕ ಹಾಕಬೇಡಿ. 2023ರ ಬರದಲ್ಲಿ ದನಗಳ ಮೇವಿಗೇ ಪರದಾಡಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಇಡೀ ಎಡದಂಡೆಯ ಎದೆ ಒಡೆದಿತ್ತು. ಕಾಲುವೆಯ ಕೊನೆಭಾಗದವರಿಗಂತೂ ನೀರು ನಂಬುವ ವಸ್ತುವಲ್ಲ. ನೀರು ಕಡಿಮೆಯಾದ ವರ್ಷ ಹುಲ್ಲಿನ ಬೆಲೆ ಏರುತ್ತದೆ, ಅದರೊಂದಿಗೆ ಅಣಬೆಯ ಖರ್ಚೂ ಏರುತ್ತದೆ. ಸುಗ್ಗಿಯಲ್ಲೇ ಒಂದು ವರ್ಷಕ್ಕೆ ಬೇಕಾಗುವ ಹುಲ್ಲನ್ನು ಮಳೆ ತಗಲದಂತೆ ಬಣವೆ ಹಾಕಿಟ್ಟುಕೊಳ್ಳಬೇಕು. ಒಮ್ಮೆ ನೆನೆದು ಮುಗ್ಗಿದ ಹುಲ್ಲು ಅಣಬೆಗೆ ಬಾರದು.

ಯಾವ ಅಣಬೆ, ಯಾವ ಹಂಗಾಮು?

ಅಣಬೆ ಎಂದರೆ ಒಂದೇ ಅಲ್ಲ. ದೇಶದಲ್ಲಿ ಬೆಳೆಯುವ ಅಣಬೆಯಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಬಿಳಿ ಗುಂಡಿ ಅಣಬೆ. ಹೋಟೆಲುಗಳಲ್ಲಿ, ದೊಡ್ಡ ಅಂಗಡಿಗಳ ತಂಪು ಪೆಟ್ಟಿಗೆಗಳಲ್ಲಿ ಪೊಟ್ಟಣ ಕಟ್ಟಿ ಇಟ್ಟಿರುವುದು ಅದೇ. ಅದಕ್ಕೆ ಬೆಳೆಯುವಾಗ 14ರಿಂದ 18 ಡಿಗ್ರಿ ತಂಪು ಬೇಕು. ಹಿಮಾಚಲದ ಸೋಲನ್‌ನಲ್ಲಿ 1961ರ ಸುಮಾರಿಗೇ ಅದರ ಬೇಸಾಯ ಶುರುವಾದದ್ದು ಅಲ್ಲಿನ ತಂಪಿನಿಂದ. ನಮ್ಮಲ್ಲಿ ಅದನ್ನು ಬೆಳೆಯಬೇಕಾದರೆ ತಂಪು ಯಂತ್ರ, ವಿದ್ಯುತ್ತು, ವಿಶೇಷ ಕಾಂಪೋಸ್ಟ್ ಎಲ್ಲವೂ ಬೇಕು. ಅದು ಲಕ್ಷಗಟ್ಟಲೆ ಬಂಡವಾಳದವರ ಕೆಲಸ. ಸಣ್ಣವರು ಆ ಕಡೆ ನೋಡುವುದೇ ಬೇಡ.

ನಮಗೆ ಒಗ್ಗುವುದು ಎರಡು. ಒಂದು ಚಿಪ್ಪು ಅಣಬೆ. 20ರಿಂದ 30 ಡಿಗ್ರಿ ಉಷ್ಣತೆ, ಗಾಳಿಯಲ್ಲಿ ಶೇಕಡಾ 80ರಿಂದ 90 ತೇವ ಇದ್ದರೆ ಅದು ಚೆನ್ನಾಗಿ ಬರುತ್ತದೆ. ಮಳೆ ಹಿಡಿದ ಜುಲೈನಿಂದ ಫೆಬ್ರವರಿ ಕೊನೆಯವರೆಗೆ ರಾಯಚೂರು ಜಿಲ್ಲೆಯಲ್ಲಿ ಇದು ಸಾಧ್ಯ. ಚಳಿಗಾಲದಲ್ಲಿ ಉಷ್ಣತೆ ಸರಿಯಾಗಿರುತ್ತದೆ, ಆದರೆ ಗಾಳಿ ಒಣಗಿರುತ್ತದೆ. ಗೋಣಿಚೀಲದ ಪರದೆಗೆ ನೀರು ಚಿಮುಕಿಸುವ ಕೆಲಸ ಹೆಚ್ಚು. ಇನ್ನೊಂದು ಹಾಲು ಅಣಬೆ. ಇದು ನಮ್ಮ ದೇಶದ್ದೇ ಅಣಬೆ. ಬಂಗಾಳದಲ್ಲಿ ಗುರುತಿಸಿದ್ದು, ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಅದರ ಎಪಿಕೆ-2 ತಳಿಯನ್ನು 1998ರಲ್ಲಿ ಬಿಡುಗಡೆ ಮಾಡಿತು. 30ರಿಂದ 35 ಡಿಗ್ರಿ ಬಿಸಿಯಲ್ಲೂ ಬೆಳೆಯುತ್ತದೆ, ಕಿತ್ತ ಮೇಲೆ ಚಿಪ್ಪು ಅಣಬೆಗಿಂತ ಹೆಚ್ಚು ದಿನ ತಾಳುತ್ತದೆ. ಆದರೆ ಬೀಜ ಹರಡಿದ ಹುಲ್ಲಿನ ಮೇಲೆ ಹಬೆಯಲ್ಲಿ ಬೇಯಿಸಿದ ಮಣ್ಣಿನ ಪದರ ಹಾಕಬೇಕು. ಬರೀ ಎರೆಮಣ್ಣು ಹಾಕಿದರೆ ಹೆಪ್ಪುಗಟ್ಟುತ್ತದೆ, ಮರಳು ಮತ್ತು ಚೆನ್ನಾಗಿ ಕೊಳೆತ ಗೊಬ್ಬರ ಬೆರೆಸಬೇಕು. ಚಿಪ್ಪು ಅಣಬೆಯಲ್ಲಿ ಕೈ ಪಳಗಿದವರು ಎರಡನೇ ವರ್ಷ ಇದಕ್ಕೆ ಕೈ ಹಾಕುವುದು ಲೇಸು.

ಗುಳೆ ನಿಲ್ಲುವುದೇ?

ಅಣಬೆ ಬಂದರೆ ಗುಳೆ ನಿಲ್ಲುತ್ತದೆ ಎಂದು ವೇದಿಕೆಗಳ ಮೇಲೆ ಹೇಳುವುದುಂಟು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ದೇವದುರ್ಗ ಅತಿ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿತ್ತು. ಅಲ್ಲಿಂದ ಬೆಂಗಳೂರು, ಹೈದರಾಬಾದುಗಳಿಗೆ ಹೊರಡುವ ಜನರನ್ನು ಕಂಡವರಿಗೆ ಈ ಮಾತು ಹಿತವೆನಿಸುತ್ತದೆ. ಆದರೆ ಪಂಚಾಂಗ ತೆರೆದು ನೋಡಿ.

ಚಿಪ್ಪು ಅಣಬೆ ಅತಿ ಚೆನ್ನಾಗಿ ಬರುವ ತಿಂಗಳುಗಳು ನವೆಂಬರಿನಿಂದ ಫೆಬ್ರವರಿ. ಅದೇ ಸಮಯದಲ್ಲಿ ನಮ್ಮ ಹತ್ತಿ ಬಿಡಿಸುವ, ಮೆಣಸಿನಕಾಯಿ ಕೀಳುವ ಕೆಲಸ ಇರುತ್ತದೆ. ಮಹಿಳೆಯರಿಗೆ ಹೊಲದಲ್ಲೇ ಕೂಲಿ ಸಿಗುವ ದಿನಗಳು ಅವು. ಕೈಗೆ ಕೆಲಸ ಇಲ್ಲದೆ ಜನ ಊರು ಬಿಡುವುದು ಸುಗ್ಗಿ ಮುಗಿದ ಮೇಲೆ, ಬೇಸಿಗೆಯಲ್ಲಿ. ಆಗ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿರುತ್ತದೆ, ಚಿಪ್ಪು ಅಣಬೆ ಬಾಡಿರುತ್ತದೆ. ಅಂದರೆ ಕೈ ಖಾಲಿ ಇರುವಾಗ ಅಣಬೆ ಇಲ್ಲ, ಅಣಬೆ ಇರುವಾಗ ಕೈ ಖಾಲಿ ಇಲ್ಲ.

ಆದ್ದರಿಂದ ಅಣಬೆಯನ್ನು ಗುಳೆಗೆ ಪೂರ್ತಿ ಮದ್ದು ಎಂದು ತಿಳಿಯಬೇಡಿ. ಮಾರ್ಚ್‌ನಿಂದ ಜೂನ್‌ವರೆಗಿನ ಅವಧಿಯನ್ನು ತುಂಬಬಲ್ಲದ್ದು ಹಾಲು ಅಣಬೆ ಮಾತ್ರ. ಅದಕ್ಕೂ ಏಪ್ರಿಲ್-ಮೇ ತಿಂಗಳಲ್ಲಿ ದಪ್ಪ ಹುಲ್ಲಿನ ಛಾವಣಿ, ಒದ್ದೆ ಗೋಣಿ, ನೆಲದಲ್ಲಿ ಒದ್ದೆ ಮರಳು, ಮೇಲೆ ಮರದ ನೆರಳು ಇಷ್ಟೂ ಬೇಕು. ನೀರಿನ ಅನುಕೂಲ ಇಲ್ಲದ ಊರಿನಲ್ಲಿ ಅದು ಆಗದು. ಯೋಜನೆ ಮಾಡುವ ಸಂಘಗಳು ಈ ಹೊಂದಿಕೆಯಾಗದ ಪಂಚಾಂಗವನ್ನು ಮೊದಲೇ ಕಣ್ಣ ಮುಂದೆ ಇಟ್ಟುಕೊಳ್ಳಬೇಕು.

ನೂರು ಚೀಲದ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಇಲ್ಲಿ ಹಿಡಿದಿರುವ ದರಗಳು ಲೆಕ್ಕ ಕಲಿಯುವುದಕ್ಕೆ ಮಾತ್ರ. ನಿಮ್ಮ ಊರಿನ ದರ ಹಾಕಿ ನೀವೇ ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕು. ಒಂದು ಸಲಕ್ಕೆ 100 ಚೀಲ, ಚೀಲಕ್ಕೆ 1 ಕಿಲೋ ಒಣ ಹುಲ್ಲು, 100 ಗ್ರಾಂ ಬೀಜ ಎಂದು ಹಿಡಿಯೋಣ. ಜೋಪಡಿ ಕಟ್ಟಲು 15,000 ರೂಪಾಯಿ, ಅದು 3 ವರ್ಷ ಬಾಳಿ, ವರ್ಷಕ್ಕೆ 5 ಬೆಳೆ ತೆಗೆಯುತ್ತದೆ ಎಂದುಕೊಳ್ಳೋಣ.

ಹುಲ್ಲು 100 ಕಿಲೋ, ಕಿಲೋಗೆ 5 ರೂ.ನಂತೆ: 500 ರೂ.
ಅಣಬೆ ಬೀಜ 10 ಕಿಲೋ, ಕಿಲೋಗೆ 120 ರೂ.ನಂತೆ: 1,200 ರೂ.
ಪಾಲಿಥೀನ್ ಚೀಲ ಮತ್ತು ಹಗ್ಗ: 300 ರೂ.
ಹುಲ್ಲು ಕುದಿಸುವ ಉರುವಲು, ಬ್ಲೀಚಿಂಗ್ ಪುಡಿ, ನೀರು: 500 ರೂ.
ಮಾರುವ ಪೊಟ್ಟಣಗಳು: 300 ರೂ.
ಜೋಪಡಿಯ ಸವಕಳಿ: 1,000 ರೂ.
ಒಟ್ಟು: 3,800 ರೂ.

ನೂರರಲ್ಲಿ 10 ಚೀಲ ಹಸಿರು ಬೂಷ್ಟು ಹಿಡಿದು ಹಾಳಾಗುತ್ತವೆ ಎಂದು ಮೊದಲೇ ಕಳೆದುಬಿಡಿ. ಉಳಿದ 90 ಚೀಲಗಳಿಂದ ತಲಾ 600 ಗ್ರಾಂ ಬಂದರೆ 54 ಕಿಲೋ ಆಯಿತು. ಕಿಲೋಗೆ 150 ರೂಪಾಯಿ ಸಿಕ್ಕರೆ 8,100 ರೂಪಾಯಿ. ಖರ್ಚು ಕಳೆದರೆ 4,300 ಉಳಿಯಿತು. ಮೊದಲ 25 ಕಿಲೋ ಮಾರಿದ ಹಣ ಬರೀ ಖರ್ಚಿಗೆ ಸರಿ. ಅದರ ಮೇಲಿನದು ಮಾತ್ರ ನಿಮ್ಮದು.

ಈ 4,300 ರೂಪಾಯಿಯನ್ನು ಲಾಭ ಎಂದು ಕರೆಯುವ ಮೊದಲು ನಿಮ್ಮ ದುಡಿಮೆಯನ್ನು ಎಣಿಸಿ. ಹುಲ್ಲು ಕತ್ತರಿಸಿ, ನೆನೆಸಿ, ಕುದಿಸಿ, ಚೀಲ ತುಂಬಲು 4 ಆಳು. ನೀರು ಚಿಮುಕಿಸುವುದು, ಕೀಳುವುದು, ಶುಚಿ ಮಾಡುವುದು ದಿನಕ್ಕೆ ಸುಮಾರು ಒಂದೂಕಾಲು ತಾಸು, 45 ದಿನಕ್ಕೆ 7 ಆಳು. ದಿನ ಬಿಟ್ಟು ದಿನ ಮಾರಲು ರಾಯಚೂರಿಗೆ ಹೋಗಿಬರಲು ಅರ್ಧ ದಿನದಂತೆ 16 ಸಲಕ್ಕೆ 8 ಆಳು. ಒಟ್ಟು 19 ಆಳು. 4,300ನ್ನು 19ರಿಂದ ಭಾಗಿಸಿದರೆ ದಿನಕ್ಕೆ 226 ರೂಪಾಯಿ ಬಿತ್ತು. 2025-26ನೇ ಸಾಲಿನಲ್ಲಿ ಉದ್ಯೋಗ ಖಾತರಿಯ ದಿನಗೂಲಿ ನಮ್ಮ ರಾಜ್ಯದಲ್ಲಿ 370 ರೂಪಾಯಿ ಇತ್ತು. ಅಂದರೆ ಬೆಳೆದದ್ದೆಲ್ಲ ಮಾರಾಟವಾದರೂ ಅಣಬೆ ಆ ಕೂಲಿಯನ್ನು ಮುಟ್ಟಲಿಲ್ಲ.

ಮೂರರಲ್ಲಿ ಒಂದು ಪಾಲು ಹಸಿಯಾಗಿ ಮಾರದೆ ಉಳಿದರೆ? 36 ಕಿಲೋಗೆ 5,400 ರೂಪಾಯಿ ಬಂತು. ಉಳಿದ 18 ಕಿಲೋ ಒಣಗಿಸಿದರೆ ಹತ್ತಕ್ಕೆ ಒಂದರಂತೆ 1.8 ಕಿಲೋ. ಒಣ ಅಣಬೆಗೆ ಕಿಲೋಗೆ 600 ರೂಪಾಯಿ ಹಿಡಿದರೆ 1,080. ಒಟ್ಟು 6,480. ಖರ್ಚು ಕಳೆದು 2,680, ದಿನಕ್ಕೆ 141 ರೂಪಾಯಿ. ಅದನ್ನೂ ಒಣಗಿಸದೆ ಕೊಳೆಯಲು ಬಿಟ್ಟರೆ ದಿನಕ್ಕೆ 84 ರೂಪಾಯಿ. ಬೆಳೆ ಒಂದೇ, ಇಳುವರಿ ಒಂದೇ, ಬೆವರೂ ಒಂದೇ. ಬದಲಾದದ್ದು ಮಾರಾಟ ಮಾತ್ರ.

ಇನ್ನು ಇದೇ ಲೆಕ್ಕವನ್ನು ಐದು ಮನೆ ಸೇರಿ ಮಾಡಿದರೆ ಹೇಗೆ? ಸರದಿಯ ಮೇಲೆ ಒಬ್ಬರು ಐದೂ ಮನೆಯ ಮಾಲು ಒಯ್ದರೆ ಒಂದೊಂದು ಮನೆಗೆ ಮಾರಾಟದ ದುಡಿಮೆ 8 ಆಳಿನಿಂದ 2 ಆಳಿಗೆ ಇಳಿಯುತ್ತದೆ. ಒಟ್ಟು 13 ಆಳು. ಆಗ ದಿನಕ್ಕೆ 330 ರೂಪಾಯಿ. ಅಂಗಡಿಗೆ ಕೊಡದೆ ನೇರ ಮನೆಗಳಿಗೆ ಕೊಟ್ಟು ಕಿಲೋಗೆ 150ರ ಬದಲು 180 ಸಿಕ್ಕರೆ 9,720 ರೂಪಾಯಿ ಬಂದು, ದಿನಕ್ಕೆ 455 ಬೀಳುತ್ತದೆ. ಈಗ ಅಣಬೆ ಕೂಲಿಯನ್ನು ಮೀರಿತು. ಒಂದು ಗ್ರಾಂ ಹೆಚ್ಚು ಬೆಳೆಯಲಿಲ್ಲ, ಒಂದು ಹಿಡಿ ಹೆಚ್ಚು ಬೀಜ ಹಾಕಲಿಲ್ಲ.

ಒಂಟಿ ಮನೆಗೆ, ಬೆಳೆದದ್ದೆಲ್ಲ 150 ರೂ.ನಂತೆ ಹೋದರೆ, ವರ್ಷಕ್ಕೆ 5 ಬೆಳೆಯಿಂದ 21,500 ರೂಪಾಯಿ. ಇದು ಸಣ್ಣ ಮೊತ್ತವಲ್ಲ. ಮಕ್ಕಳ ಶಾಲೆಗೆ, ಕಿರಾಣಿ ಬಾಕಿಗೆ, ಮುಂಗಾರಿ ಬಿತ್ತನೆಯ ಬೀಜಕ್ಕೆ ಆಸರೆ. ಆದರೆ ಲಕ್ಷಗಳ ಮಾತಾಡುವವರನ್ನು ಕಂಡರೆ ಈ ಲೆಕ್ಕ ಮುಂದಿಟ್ಟು, ಯಾವ ಸಾಲಿನಲ್ಲಿ ಲಕ್ಷ ಅಡಗಿದೆ ಎಂದು ಕೇಳಿ.

ತಿನ್ನುವವರು ಯಾರು?

ಒಡಿಶಾದಲ್ಲಿ ಹುಲ್ಲು ಅಣಬೆಯನ್ನು ಹಳ್ಳಿಹಳ್ಳಿಯ ಮಹಿಳೆಯರು ಬೆಳೆದು ಮಾರುತ್ತಾರೆ. ಅದನ್ನು ಅಲ್ಲಿನ ಜನ ಪಾಳ ಛತು ಎನ್ನುತ್ತಾರೆ. ಅದು ಒಂದು ದಿನವೂ ಸರಿಯಾಗಿ ಉಳಿಯದ ಅಣಬೆ. ಆದರೂ ಕಸುಬು ನಡೆದಿದೆ, ಏಕೆಂದರೆ ಅಲ್ಲಿ ಅದನ್ನು ತಿನ್ನುವ ರೂಢಿ ಮೊದಲಿನಿಂದ ಇದೆ. ಬೆಳಗ್ಗೆ ಬಂದದ್ದು ಮಧ್ಯಾಹ್ನದೊಳಗೆ ಗಡಿಗೆ ಸೇರುತ್ತದೆ.

ನಮ್ಮಲ್ಲಿ ಮಲೆನಾಡಿನವರು, ಕರಾವಳಿಯವರು ಮೊದಲ ಮಳೆಗೆ ಅಣಬೆ ಹುಡುಕಿಕೊಂಡು ಹೋಗುತ್ತಾರೆ. ಬಯಲುಸೀಮೆಯ ನಾವು ಅದಕ್ಕೆ ನಾಯಿಕೊಡೆ ಎಂದು ಹೆಸರಿಟ್ಟು ದೂರ ಇಟ್ಟವರು. ತಿಂದರೆ ವಿಷವಾದೀತು ಎಂಬ ಅಂಜಿಕೆ ಒಂದು ಕಡೆ, ಅದು ಮಾಂಸದ ಜಾತಿ ಎಂಬ ತಪ್ಪು ತಿಳಿವಳಿಕೆ ಇನ್ನೊಂದು ಕಡೆ. ತಿಪ್ಪೆಯಲ್ಲಿ ತಾನಾಗಿ ಎದ್ದದ್ದನ್ನು ತಿನ್ನಬಾರದು, ಆ ಅಂಜಿಕೆ ಸರಿ. ಆದರೆ ಗೊತ್ತಿದ್ದ ಬೀಜದಿಂದ ಬೆಳೆದ ಚಿಪ್ಪು ಅಣಬೆಯಲ್ಲಿ ವಿಷವಿಲ್ಲ. ಹಸಿ ಅಣಬೆಯಲ್ಲಿ ಶೇಕಡಾ 85ರಿಂದ 90 ಪಾಲು ನೀರು, ಸುಮಾರು 3 ಪಾಲು ಸಸಾರಜನಕ. ಬೇಳೆಯ ಬದಲಿಗೆ ಅಲ್ಲ, ಬೇಳೆಯ ಜತೆಗೆ ತಿನ್ನುವ ಒಳ್ಳೆಯ ಪಲ್ಯ ಎಂದು ಹೇಳಿದರೆ ಜನ ನಂಬುತ್ತಾರೆ. ಸರ್ವರೋಗಕ್ಕೂ ಮದ್ದು ಎಂದು ಸಾರಿದರೆ ಇಂದಲ್ಲ ನಾಳೆ ನಂಬಿಕೆ ಹೋಗುತ್ತದೆ.

ಹಾಗಾದರೆ ನಮ್ಮ ಗಿರಾಕಿ ಎಲ್ಲಿದ್ದಾನೆ? ಅಣಬೆ ತಿನ್ನಲು ಕಲಿತು ಬಂದವರು ಇರುವಲ್ಲಿ ಹುಡುಕಬೇಕು. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ, ವೈದ್ಯಕೀಯ ಕಾಲೇಜು ಇವೆ. ಶಕ್ತಿನಗರದಲ್ಲಿ ಉಷ್ಣ ವಿದ್ಯುತ್ ಸ್ಥಾವರದ ವಸತಿಗಳಿವೆ. ಹಟ್ಟಿಯಲ್ಲಿ ಚಿನ್ನದ ಗಣಿಯ ವಸತಿ ಇದೆ. ಬೇರೆ ಬೇರೆ ಊರುಗಳಿಂದ ಬಂದ ನೌಕರರು, ವಿದ್ಯಾರ್ಥಿಗಳು ಅಲ್ಲಿದ್ದಾರೆ. 200 ಗ್ರಾಂ ಪೊಟ್ಟಣವನ್ನು ವಾರಕ್ಕೆ ಎರಡು ಸಲ ತಪ್ಪದೆ ಕೊಳ್ಳುವ 100 ಮನೆ ಸಿಕ್ಕರೆ ವಾರಕ್ಕೆ 40 ಕಿಲೋ ಆಯಿತು. ನಮ್ಮ ಐದು ಮನೆಯ ಗುಂಪಿನ ಬಹುಪಾಲು ಅಣಬೆಗೆ ಅಷ್ಟು ಸಾಕು. ತರಕಾರಿ ಮಾರುಕಟ್ಟೆಗೆ ಬುಟ್ಟಿ ಹೊತ್ತು ಹೋಗಿ ಗಿರಾಕಿಗಾಗಿ ಕಾಯುವುದಕ್ಕಿಂತ ಈ ನೂರು ಮನೆಗಳ ವಿಳಾಸ ಬರೆದ ಒಂದು ನೋಟು ಪುಸ್ತಕ ಹೆಚ್ಚು ಬೆಲೆಯುಳ್ಳದ್ದು. ಮೊದಲು ಪುಸ್ತಕ ತುಂಬಿಸಿ, ಆಮೇಲೆ ಚೀಲ ತುಂಬಿ.

ದೇವದುರ್ಗದಿಂದಲೂ ಮಾನ್ವಿಯಿಂದಲೂ ರಾಯಚೂರು ಹತ್ತಿರ ಹತ್ತಿರ 50 ಕಿಲೋಮೀಟರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟಿನ ಖರ್ಚಿಲ್ಲ. ಮೇಲಿನ ಲೆಕ್ಕದಲ್ಲಿ ಬಸ್ಸಿನ ಖರ್ಚು ಹಾಕದಿರುವುದು ಇದೇ ಕಾರಣಕ್ಕೆ. ಗಂಡಸರು ಹೋಗುವುದಾದರೆ ಟಿಕೆಟಿನ ಹಣವನ್ನು ಖರ್ಚಿನಲ್ಲಿ ಸೇರಿಸಿ, ಉಳಿಕೆ ಎಷ್ಟು ಬೇಗ ಕರಗುತ್ತದೆ ನೋಡಿ. ಬೆಳಗಿನ ಮೊದಲ ಬಸ್ಸಿಗೆ ಹಿಂದಿನ ಸಂಜೆ ಅಥವಾ ನಸುಕಿನಲ್ಲಿ ಕಿತ್ತ ಅಣಬೆಯನ್ನೇ ಒಯ್ಯಬೇಕು. ಚಿಪ್ಪು ಅಣಬೆ ಹೊರಗಿಟ್ಟರೆ ಒಂದು ದಿನ, ತಂಪು ಪೆಟ್ಟಿಗೆಯಲ್ಲಿ ಎರಡು-ಮೂರು ದಿನ ಮಾತ್ರ.

ಆಯ್ದು ಉಳಿದದ್ದನ್ನು ಅದೇ ದಿನ ಬಿಸಿಲಿಗೆ ಹಾಕಿ. ಶುಚಿಯಾದ ಬಟ್ಟೆಯ ಮೇಲೆ ತೆಳುವಾಗಿ ಹರಡಿ, ಮೇಲೆ ಸೊಳ್ಳೆಪರದೆ ಹೊದಿಸಿ, ಮುರಿದರೆ ಚಟ್ ಎನ್ನುವವರೆಗೆ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿಡಿ. ಬಾಡಿದ ಮೇಲೆ ಒಣಗಿಸಿದರೆ ಕಪ್ಪಾಗುತ್ತದೆ, ಕೇಳುವವರಿಲ್ಲ.

ಸಾಲ, ಸಹಾಯಧನ ಮತ್ತು ಮರಳಿ ಕೊಳ್ಳುವ ಭರವಸೆ

ಇಲ್ಲಿ ಬಹಳ ಎಚ್ಚರ ಬೇಕು. ಬೀಜ, ಚೀಲ, ಪಂಪು ಎಲ್ಲ ಸೇರಿಸಿ ಒಂದು ಕಿಟ್ಟು ಕೊಡುತ್ತೇವೆ, ಬೆಳೆದದ್ದನ್ನೆಲ್ಲ ನಾವೇ ಮರಳಿ ಕೊಳ್ಳುತ್ತೇವೆ ಎನ್ನುವ ವ್ಯಾಪಾರಿಗಳು ಬರುತ್ತಾರೆ. ಕಿಟ್ಟಿನ ಬೆಲೆಯಲ್ಲೇ ಅವರ ಲಾಭ ಮುಗಿದಿರುತ್ತದೆ. ನಿಮ್ಮ ಅಣಬೆ ಅವರಿಗೆ ಬೇಕಾಗಿರುವುದಿಲ್ಲ. ತಮಿಳುನಾಡಿನ ಪೆರುಂದುರೈ ಕಡೆ ಎಮು ಪಕ್ಷಿ ಸಾಕಣೆಯಲ್ಲಿ ಹೀಗೆಯೇ ಮರಳಿ ಕೊಳ್ಳುವ ಭರವಸೆ ನಂಬಿ ಹಣ ಹಾಕಿದವರು 2012ರಲ್ಲಿ ಬೀದಿಗೆ ಬಿದ್ದರು. ನಮ್ಮ ರಾಜ್ಯದಲ್ಲೇ ವೆನಿಲಾ ಹಸಿ ಕೋಡು 2003ರ ಸುಮಾರಿಗೆ ಕಿಲೋಗೆ ಸಾವಿರಾರು ರೂಪಾಯಿ ಮಾರಿ, ಎರಡು-ಮೂರು ವರ್ಷದಲ್ಲಿ ಕೇಳುವವರಿಲ್ಲದಂತಾಯಿತು. ಮಾರುಕಟ್ಟೆ ನೋಡದೆ ಬೆಳೆ ನೋಡಿದವರ ಪಾಡು ಎರಡರಲ್ಲೂ ಒಂದೇ.

ಸಾಲದ ಲೆಕ್ಕವನ್ನೂ ನೋಡಿ. ಕಿಟ್ಟಿಗಾಗಿ 50,000 ರೂಪಾಯಿಯನ್ನು ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿಗೆ ತಂದರೆ ತಿಂಗಳಿಗೆ 1,000 ಬಡ್ಡಿ. ಒಂದು ಬೆಳೆಗೆ ಎರಡು ತಿಂಗಳು ಹಿಡಿದರೆ 2,000. ಉಳಿಯಬೇಕಾದ 4,300ರಲ್ಲಿ ಅರ್ಧದಷ್ಟು ಬಡ್ಡಿಗೇ ಹೋಯಿತು, ಅಸಲು ಹಾಗೇ ನಿಂತಿತು. ಸಣ್ಣ ಸಾಲ ಕೊಡುವ ಸಂಸ್ಥೆಗಳ ವಸೂಲಿ ಹಾವಳಿ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತರಬೇಕಾಯಿತು ಎಂದರೆ ಹಳ್ಳಿಗಳಲ್ಲಿ ಆ ಸಾಲದ ಭಾರ ಎಷ್ಟಿತ್ತೆಂದು ನಿಮಗೇ ಗೊತ್ತು. ಕಾಯಿದೆ ವಸೂಲಿಗಾರನ ಬಾಯಿ ಕಟ್ಟೀತು, ಬಡ್ಡಿಯನ್ನು ಅಣಬೆಯಿಂದ ಕಟ್ಟಿಸಲಾರದು.

ಸಹಾಯಧನದ ಮಾತೂ ಹೇಳಬೇಕು. ರಾಷ್ಟ್ರೀಯ ತೋಟಗಾರಿಕೆ ಮಿಷನ್ನಿನ 2014ರ ಮಾರ್ಗಸೂಚಿಯಲ್ಲಿ ಅಣಬೆ ಉತ್ಪಾದನಾ ಘಟಕಕ್ಕೆ 20 ಲಕ್ಷ ರೂಪಾಯಿ ವೆಚ್ಚ ಹಿಡಿದು, ಖಾಸಗಿಯವರಿಗೆ ಬ್ಯಾಂಕ್ ಸಾಲದೊಂದಿಗೆ ಶೇಕಡಾ 40 ಸಹಾಯಧನ ಇಟ್ಟಿದ್ದರು. ಅದು ತಂಪು ಯಂತ್ರದ ಘಟಕದ ಅಳತೆ, ನಮ್ಮ ಜೋಪಡಿಯ ಅಳತೆಯಲ್ಲ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿಗಳ ಕಿರು ಆಹಾರ ಸಂಸ್ಕರಣಾ ಯೋಜನೆ ಬೆಳೆಯುವುದಕ್ಕಲ್ಲ, ಒಣಗಿಸಿ ಪುಡಿ, ಉಪ್ಪಿನಕಾಯಿ ಮಾಡುವಂಥ ಕೆಲಸಕ್ಕೆ. ಅದರಲ್ಲಿ ಶೇಕಡಾ 35ರಂತೆ ಗರಿಷ್ಠ 10 ಲಕ್ಷದವರೆಗೆ ಸಹಾಯಧನ, ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40,000 ರೂಪಾಯಿವರೆಗೆ ಬೀಜ ಬಂಡವಾಳ ಎಂದು ಇಡಲಾಯಿತು. ನೀವು ಹೋಗುವ ಹೊತ್ತಿಗೆ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಸಹಾಯಧನ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಯಂತ್ರ ಕೊಳ್ಳಬೇಡಿ.

ತಪ್ಪದೆ ಗಮನಿಸಬೇಕಾದ ಕೆಲವು ಮಾತುಗಳು

ಬೀಜ: ಬೇಸಾಯದ ಅರ್ಧ ಭಾಗ್ಯ ಬೀಜದಲ್ಲಿದೆ. ಮೊದಲು ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತರಬೇತಿ ಕೊಟ್ಟು ಬೀಜವನ್ನೂ ಒದಗಿಸುತ್ತದೆ. ತರುವಾಗ ರಾತ್ರಿ ಪ್ರಯಾಣ ಮಾಡಿ. ಬಿಸಿಲಿನ ಬಸ್ಸಿನಲ್ಲಿ ಬೆಂದ ಬೀಜ ಮೊಳೆಯದು. ಬಿಳಿ ಹತ್ತಿಯಂತೆ ಹಬ್ಬಿದ್ದರೆ ಒಳ್ಳೆಯ ಬೀಜ, ಹಸಿರು ಅಥವಾ ಕಪ್ಪು ಚುಕ್ಕೆ ಕಂಡರೆ ಕೊಳ್ಳಬೇಡಿ.

ಹುಲ್ಲು ಶುದ್ಧಿ: ರಾಸಾಯನಿಕದಲ್ಲಿ ನೆನೆಸುವ ಪದ್ಧತಿಯೂ ಇದೆ. ಮನೆಮಟ್ಟದ ಬೇಸಾಯಕ್ಕೆ ಬಿಸಿನೀರೇ ಲೇಸು. ನೆನೆದ ಹುಲ್ಲನ್ನು 80 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ತಾಸು ಇಟ್ಟು, ಬಸಿದು, ಹಿಂಡಿದರೆ ನೀರು ತೊಟ್ಟಿಕ್ಕದ ಹದಕ್ಕೆ ತನ್ನಿ.

ನೀರು: ಕುಡಿಯಲು ಯೋಗ್ಯವಾದ ನೀರನ್ನೇ ಬಳಸಿ. ನಮ್ಮ ಜಿಲ್ಲೆಯ ಚಿನ್ನದ ಗಣಿ ಪಟ್ಟಿಯ ಕೆಲವು ಹಳ್ಳಿಗಳ ಕೊಳವೆ ಬಾವಿಗಳಲ್ಲಿ ಆರ್ಸೆನಿಕ್ ಅಂಶ ಕಂಡುಬಂದಿದೆ. ಅಣಬೆ ಇಂಥ ವಸ್ತುಗಳನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ. ನೀರು ಪರೀಕ್ಷೆ ಮಾಡಿಸದೆ ಕೆಲಸ ಶುರು ಮಾಡಬೇಡಿ.

ಆರೋಗ್ಯ: ಚಿಪ್ಪಿನ ಅಂಚು ಮೇಲಕ್ಕೆ ಸುರುಳಿಯಾಗುವ ಮುನ್ನ ಕೀಳಿ. ತಡವಾದರೆ ಉದುರುವ ಪುಡಿಯಿಂದ ಕೆಮ್ಮು, ಉಸಿರಾಟದ ತೊಂದರೆ ಬರುತ್ತದೆ. ಬೆಳಗ್ಗೆ ಜೋಪಡಿಯ ಬಾಗಿಲು ತೆರೆದಿಟ್ಟು, ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋಗಿ. ಅಸ್ತಮಾ ಇದ್ದವರು ಈ ಕೆಲಸಕ್ಕೆ ಬೇಡ.

ಹೇಗೆ ಶುರು ಮಾಡಬೇಕು?

ಮೊದಲ ಹಂಗಾಮಿನಲ್ಲಿ ಮನೆಗೆ 20 ಚೀಲ ಸಾಕು. ಮೇಲಿನ ದರದಲ್ಲಿ ಹುಲ್ಲು, ಬೀಜ, ಚೀಲ, ಉರುವಲು ಎಲ್ಲ ಸೇರಿ 500-600 ರೂಪಾಯಿಯಲ್ಲಿ ಮುಗಿಯುತ್ತದೆ. ಜೋಪಡಿ ಕಟ್ಟಬೇಡಿ, ಇರುವ ಕೊಟ್ಟಿಗೆಯ ಒಂದು ಮೂಲೆಯನ್ನು ತೊಳೆದು, ಗೋಣಿ ಕಟ್ಟಿಕೊಳ್ಳಿ. ಬಂದ 10-12 ಕಿಲೋ ಅಣಬೆಯಲ್ಲಿ ಅರ್ಧ ನೀವು ತಿನ್ನಿ, ಓಣಿಗೆ ಹಂಚಿ. ತಾನು ತಿನ್ನದ ಪದಾರ್ಥವನ್ನು ಮಾರುವವನ ಮಾತಿಗೆ ಗಿರಾಕಿ ಮರುಳಾಗುವುದಿಲ್ಲ. ಇನ್ನರ್ಧ ರಾಯಚೂರಿಗೆ ಒಯ್ದು, ಯಾರು ಕೊಂಡರು, ಮತ್ತೆ ಯಾರು ಕೇಳಿದರು ಎಂದು ಬರೆದಿಡಿ. ಎರಡನೇ ಸಲ ಕೇಳಿದವನೇ ನಿಜವಾದ ಗಿರಾಕಿ.

ಎರಡನೇ ಹಂಗಾಮಿನಲ್ಲಿ ಐದು ಮನೆ ಸೇರಿ. ಎಲ್ಲರೂ ಒಂದೇ ದಿನ ಚೀಲ ಕಟ್ಟಬೇಡಿ. ವಾರಕ್ಕೊಂದು ಮನೆಯಂತೆ ಕಟ್ಟಿದರೆ ಅಣಬೆ ಒಮ್ಮೆಲೇ ಬಂದು ಬೀಳದೆ ವಾರವಾರವೂ ಬರುತ್ತದೆ, ಗಿರಾಕಿಯೂ ತಪ್ಪುವುದಿಲ್ಲ. ನೂರು ಮನೆಯ ಪುಸ್ತಕ ತುಂಬಿದ ಮೇಲೆ ಜೋಪಡಿ, ಜೋಪಡಿಯಲ್ಲಿ ಎರಡು ಹಂಗಾಮು ಕೈಗೂಡಿದ ಮೇಲೆ ಬೇಕಾದರೆ ಬ್ಯಾಂಕಿನ ಬಾಗಿಲು. ಈ ಕ್ರಮ ತಲೆಕೆಳಗಾದರೆ ಹುಲ್ಲಿನೊಂದಿಗೆ ಮನೆಯೂ ಕೊಳೆಯುತ್ತದೆ.

ಅಣಬೆ ನಮ್ಮ ಭಾಗಕ್ಕೆ ಆಗದ ಬೆಳೆಯಲ್ಲ. ಆಗುವ ಬೆಳೆ, ಅದರ ಅಳತೆಯಲ್ಲಿ. ನಿಮ್ಮ ಊರಿನ ವಾಚನಾಲಯದಲ್ಲಿ ಈ ಪುಟವನ್ನು ಓದಿದವರು, ಓದಲು ಬಾರದ ತಾಯಂದಿರಿಗೆ ನೂರು ಚೀಲದ ಲೆಕ್ಕವನ್ನೊಮ್ಮೆ ಓದಿ ಹೇಳಿ. ಚೀಲಕ್ಕೆ ನೀರು ಚಿಮುಕಿಸುವವರು ಅವರೇ. ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವವರೂ ಅವರೇ.